ಪುಕ್ಕಟೆ ಜಮೀನು ಬಿಟ್ಟು ಹಾಸ್ಪಿಸ್‌ಗೆ ಜಾಗ ಹಿಡಿದದ್ದು: ನನ್ನ ಅನುಭವ

"ಪುಕ್ಕಟೆ ಸಿಗೋ ಎರಡು ಎಕರೆ ಬಿಟ್ಟು ದುಡ್ಡು ಕೊಟ್ಟು ಕೊಳ್ತೀರಾ?" ಎಂದು ನಮ್ಮ ಟ್ರಸ್ಟ್‌ನಲ್ಲೇ ಅರ್ಧ ಜನ ಕೇಳಿದ್ದರು. ಕೊಪ್ಪಳದ ಹತ್ತಿರ ನಾವು ಕಟ್ಟುತ್ತಿರುವುದು ಹಾಸ್ಪಿಸ್, ಅಂದರೆ ವಾಸಿಯಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಮನೆ. ಈಗ ಕಟ್ಟಡ ಲಿಂಟಲ್ ಮಟ್ಟಕ್ಕೆ ಬಂದಿದೆ. ಅವರೇ ನೆಂಟರನ್ನು ಕರೆತಂದು ತೋರಿಸುತ್ತಿದ್ದಾರೆ.

ಆ ಪುಕ್ಕಟೆ ಜಮೀನು ಯಲಬುರ್ಗಾ ಕಡೆಯ ಅಪ್ಪಟ ಎರೆ ಹೊಲ, ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಆಳಕ್ಕೆ ಕಾಂಕ್ರೀಟ್ ಕಂಬ ಇಳಿಸಿ ಪೈಲ್ ಅಡಿಪಾಯ ಹಾಕದೆ ಆಗಲ್ಲ ಎಂದರು ಎಂಜಿನಿಯರ್. ಅದಕ್ಕೇ ಹೆಚ್ಚುವರಿ 25 ಲಕ್ಷದ ಆಸುಪಾಸು. ಮೇಲಾಗಿ ಕತ್ತಲಾದ ಮೇಲೆ ಬಸ್ಸಿಲ್ಲ. ಕೊನೆಯ ದಿನಗಳಲ್ಲಿ ಮಗಳು ರಾತ್ರಿ ಬಂದು ಕೈ ಹಿಡಿದು ಕೂರಲು ಆಗದಿದ್ದರೆ ಅದೆಂಥ ಹಾಸ್ಪಿಸ್?

ಹೊಸಪೇಟೆ ರಸ್ತೆಯಲ್ಲಿ ಇನ್ನೊಂದು ಜಾಗ ನೋಡಿದೆವು. ಜುಲೈನಲ್ಲಿ ಗಾಳಿ ಸ್ವಚ್ಛವಾಗಿತ್ತು, ಎಲ್ಲರಿಗೂ ಹಿಡಿಸಿತು. ನಾನು ಡಿಸೆಂಬರ್‌ವರೆಗೆ ತಡೆದೆ. ಮುಂಗಾರಿನ ಗಾಳಿ ಪಡುವಣದಿಂದ ಬರುತ್ತದೆ, ಚಳಿಗಾಲದ್ದು ಮೂಡಣದಿಂದ. ಗಿಣಿಗೇರಿ ಕಡೆಯ ಕಾರ್ಖಾನೆಗಳ ಹೊಗೆ ಆಗಲೇ ಇತ್ತ ತಿರುಗುವುದು. ಒಗೆದ ಬಿಳಿ ಪಂಚೆಯನ್ನು ಪಕ್ಕದ ಮನೆಯ ಮಾಳಿಗೆ ಮೇಲೆ ರಾತ್ರಿಯಿಡೀ ಹಾಸಿದೆವು. ಬೆಳಿಗ್ಗೆ ಬೆರಳಾಡಿಸಿದರೆ ಕಪ್ಪು ಗೆರೆ ಬಿತ್ತು. ಉಸಿರಿಗೇ ಒದ್ದಾಡುವವರನ್ನು ಅಲ್ಲಿ ಮಲಗಿಸೋದು ಹೇಗೆ? ಕುಷ್ಟಗಿ ರಸ್ತೆಯ ಹೊಲದಲ್ಲಿ ಅದೇ ವಾರ ಹಾಸಿದ ಪಂಚೆಯನ್ನು ಕೊಡವಿ ಉಡಬಹುದಿತ್ತು.

ಅಲ್ಲೇ ಮೊದಲು ಮಾತಾಡಿದ ಹೊಲಕ್ಕೆ ಪಹಣಿಯಲ್ಲಿ ಒಬ್ಬನ ಹೆಸರು, ಬದುವಿನ ಮೇಲೆ ಮೂವರು ಅಣ್ಣತಮ್ಮಂದಿರು. ಎರಡು ಲಕ್ಷ ಅಡ್ವಾನ್ಸ್ ವಾಪಸ್ ಬರಲು ಹೆಚ್ಚುಕಮ್ಮಿ ಅರ್ಧ ವರ್ಷ ಹಿಡಿಯಿತು. ಅದನ್ನು ಬಿಟ್ಟು ಪಕ್ಕದ್ದು ಹಿಡಿದೆವು. ಅದು ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ. ಎಕರೆಗೆ 30 ಲಕ್ಷ ಚಿಲ್ಲರೆಗೆ ಕುದುರಿತು. ಹೇಗೆ ಇಳಿಸಿದೆ ಅನ್ನೋದು ನನ್ನಲ್ಲೇ ಇರಲಿ.

ಹೊಲದ ಆಕಾರದ ಬಗ್ಗೆ ಮಾತ್ರ ನಾನು ಹಟ ಹಿಡಿದೆ. ನಮ್ಮ ಬಿಸಿಲಿಗೆ ವಾರ್ಡು ಮೂಡಣ-ಪಡುವಣ ಉದ್ದಕ್ಕೆ ಇರಬೇಕು. ಆದರೆ ಎರಡೂ ಗೋಡೆಗೆ ಮಂಚ ಹಾಕಿದರೆ ಅರ್ಧ ಜನರ ತಲೆ ಬಡಗಣಕ್ಕೆ ಬರುತ್ತದೆ. ನಮ್ಮ ಕಡೆ ಯಾವ ಮನೆಯವರು ಒಪ್ಪುತ್ತಾರೆ? ಹಾಗಾಗಿ ಮಂಚಗಳೆಲ್ಲ ತೆಂಕಣ ಗೋಡೆಗೆ ಒಂದೇ ಸಾಲು, ಕಾಲ ಕಡೆ ಜಗಲಿ. ಮಲಗಿದಲ್ಲಿಂದಲೇ ಬೇವಿನ ಮರ ಕಾಣುತ್ತದೆ. ಇದಕ್ಕೆ ಕಟ್ಟಡ ಉದ್ದವಾಗುತ್ತದೆ, ಖರ್ಚೂ ಜಾಸ್ತಿ. ಚೌಕ ಹೊಲದಲ್ಲಿ ಇದು ಕೂರುತ್ತಿರಲಿಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆವು. ನಮ್ಮ ನರ್ಸ್ ಆಂಬುಲೆನ್ಸ್ ಸ್ಟ್ರೆಚರ್ ಮೇಲೆ ಕಣ್ಣು ಮುಚ್ಚಿ ಮಲಗಿದರು. ಬಸ್ ಸ್ಟ್ಯಾಂಡಿಂದ ಹೊಲದವರೆಗೆ ಎಲ್ಲೆಲ್ಲಿ ಮೈ ಕುಲುಕಿತೋ ಕೂಗಿ ಹೇಳಿದರು, ನಾನು ಬರೆದುಕೊಂಡೆ. ಕ್ಯಾನ್ಸರ್ ಮೂಳೆಗೆ ಇಳಿದವರಿಗೆ ಒಂದೊಂದು ಹಂಪೂ ನರಕ. ಕೊನೆಯ ಮಣ್ಣು ದಾರಿಗೆ ಮರಂ (ಗಟ್ಟಿ ಗರಸು ಮಣ್ಣು) ಹಾಕಿಸಲು ನಾಲ್ಕು ಲಕ್ಷದಷ್ಟು ಹೋಯಿತು.

"ದಿನಾ ಹೆಣ ಹೋಗ್ತಾವ" ಎಂದು ಊರವರು ಅಡ್ಡ ಬಂದಿದ್ದರು. ಅವರನ್ನು ಒಪ್ಪಿಸಿದ್ದು ಸಭೆಯಿಂದಲ್ಲ. ಅದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಮೊದಲ ಬೋರಿನಲ್ಲಿ ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ ದಾಟಿತ್ತು, ಮಿತಿ 1.5 ಅಲ್ವಾ. ಎರಡನೆಯದು 1ರ ಹತ್ತಿರ ಇದೆ. ಆದರೂ ಕುಡಿಯೋಕೆ ಆರ್‌ಒ ಇಡುತ್ತಿದ್ದೇವೆ.