ಮೈಲೇಜ್ ಕಳೆಯದೆ ಪಿಕಪ್ ಪಡೆಯುವುದು: ಬೈಕಿನ ಫ್ಯೂಯಲ್ ಮ್ಯಾಪ್ ತಿದ್ದುವ ಕ್ರಮ

ಕಾರ್ಬುರೇಟರ್ ಕಾಲದಲ್ಲಿ ಟ್ಯೂನಿಂಗ್ ಎಂದರೆ ಜೆಟ್ ಬದಲಾಯಿಸಿ, ಸ್ಕ್ರೂ ತಿರುಗಿಸಿ, ಪ್ಲಗ್‌ನ ಬಣ್ಣ ನೋಡುವ ಕೆಲಸವಾಗಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಪಾಲು ಫ್ಯೂಯಲ್ ಇಂಜೆಕ್ಷನ್‌ಗೆ ಬದಲಾದವು. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಈಗ ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಒಳಗಿರುವ ಒಂದು ಕೋಷ್ಟಕ ನಿರ್ಧರಿಸುತ್ತದೆ. ಒಂದು ಬದಿಗೆ ಎಂಜಿನ್ ವೇಗ, ಇನ್ನೊಂದು ಬದಿಗೆ ಆಕ್ಸಿಲರೇಟರ್ ತೆರೆದಿರುವ ಪ್ರಮಾಣ, ನಡುವೆ ಚೌಕಾಬಾರದ ಹಾಸಿನಂತೆ ಸಾಲು ಸಾಲು ಮನೆಗಳು; ಒಂದೊಂದು ಮನೆಯಲ್ಲೂ ಒಂದು ಅಂಕಿ. ಇದೇ ಫ್ಯೂಯಲ್ ಮ್ಯಾಪ್.

ಸೈಲೆನ್ಸರ್ ಬದಲಾಯಿಸಿದವರು, ಏರ್ ಫಿಲ್ಟರ್ ಬದಲಾಯಿಸಿದವರು ಈ ಮ್ಯಾಪನ್ನು ತಿದ್ದಿಸಿಕೊಂಡು, ಬಳಿಕ ಮೈಲೇಜ್ ಬಿದ್ದುಹೋಯಿತೆಂದು ಪರಿತಪಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕಳೆದ ವರ್ಷ ನನ್ನ ಬಳಿಗೆ ಬಂದ 411 ಸಿಸಿ ಹಿಮಾಲಯನ್ ಒಂದರ ಮ್ಯಾಪನ್ನು ಲ್ಯಾಪ್‌ಟಾಪಿನಲ್ಲಿ ತೆರೆದಾಗ, ಯಾರೋ ಅದರ ಎಲ್ಲ ಮನೆಗಳಲ್ಲೂ ಒಂದೇ ಅಂಕಿಯನ್ನು, ಅಂದರೆ ಶೇಕಡ 8ರಷ್ಟು ಹೆಚ್ಚುವರಿ ಪೆಟ್ರೋಲನ್ನು, ತುಂಬಿಟ್ಟಿದ್ದರು. ಅದನ್ನು ಟ್ಯೂನಿಂಗ್ ಎನ್ನಲಾಗದು. ಶಕ್ತಿ ಬೇಕಾಗುವ ಮನೆಗಳೇ ಬೇರೆ, ಮೈಲೇಜ್ ನಿರ್ಧಾರವಾಗುವ ಮನೆಗಳೇ ಬೇರೆ. ಇವೆರಡನ್ನೂ ಬೇರ್ಪಡಿಸಿ ನೋಡಿದವರಿಗೆ ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡಬೇಕಾದ ಪ್ರಸಂಗ ಬಹಳ ಕಡಿಮೆ.

ಆರಂಭಿಸುವ ಮುನ್ನ ಅಳತೆಯ ಮಾತು. ಪೆಟ್ರೋಲ್ ಪೂರ್ತಿ ಉರಿಯಲು ಎಷ್ಟು ಗಾಳಿ ಬೇಕೋ ಅಷ್ಟೇ ಗಾಳಿ ಸಿಕ್ಕಾಗ ಅದನ್ನು ಲ್ಯಾಂಬ್ಡಾ 1 ಎನ್ನುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಮಿಶ್ರಣ ರಿಚ್, ಹೆಚ್ಚಾದರೆ ಲೀನ್. ಗರಿಷ್ಠ ಶಕ್ತಿ ಸಿಗುವುದು ಲ್ಯಾಂಬ್ಡಾ 0.86ರಿಂದ 0.90ರ ಆಸುಪಾಸಿನಲ್ಲಿ, ಅತ್ಯುತ್ತಮ ಮಿತವ್ಯಯ ಸಿಗುವುದು 1.05ರ ಹತ್ತಿರ. ಹಲವರು ಈಗಲೂ 14.7 ಎಂಬ ಗಾಳಿ-ಪೆಟ್ರೋಲ್ ಅನುಪಾತವನ್ನೇ ಹಿಡಿದುಕೊಂಡಿದ್ದಾರೆ. ಅದು ಎಥೆನಾಲ್ ಬೆರೆಸದ ಪೆಟ್ರೋಲಿನ ಲೆಕ್ಕ. ಎಥೆನಾಲ್ ಶೇಕಡ 10 ಇದ್ದರೆ ಅದು ಸುಮಾರು 14.1 ಆಗುತ್ತದೆ, 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ ಈಗ ಬಂಕುಗಳಲ್ಲಿ ಸಾಮಾನ್ಯವಾಗಿರುವ ಇ20ಯಲ್ಲಿ (ಶೇಕಡ 20 ಎಥೆನಾಲ್) ಸುಮಾರು 13.5ಕ್ಕೆ ಇಳಿಯುತ್ತದೆ. ಇಂಧನ ಯಾವುದೇ ಇದ್ದರೂ ಲ್ಯಾಂಬ್ಡಾ 1 ಎಂಬುದು 1 ಆಗಿಯೇ ಇರುವುದರಿಂದ, ಮಿಶ್ರಣ ಅಳೆಯುವ ಗೇಜನ್ನು ಲ್ಯಾಂಬ್ಡಾ ತೋರಿಸುವಂತೆ ಹೊಂದಿಸಿಕೊಳ್ಳಿರಿ. ಇದರಲ್ಲಿ ರಾಜಿ ಬೇಡ.

ಮೊದಲನೆಯ ಹಂತವು ಬೈಕನ್ನು ಸರಿಯಾದ ಸ್ಥಿತಿಗೆ ತರುವುದು: ಟ್ಯಾಪೆಟ್ ಸೆಟಿಂಗ್, ಹೊಸ ಪ್ಲಗ್, ಚೈನಿನ ಬಿಗಿ, ಟಯರಿನ ಗಾಳಿ, ಸ್ವಚ್ಛ ಏರ್ ಫಿಲ್ಟರ್. ಫಿಲ್ಟರ್ ಮಾತ್ರ ಕಂಪನಿಯ ಕಾಗದದ್ದೇ ಇರಲಿ. ನಮ್ಮ ರಸ್ತೆಗಳ ಧೂಳಿಗೆ ಎಣ್ಣೆ ಹಚ್ಚುವ ತೆರೆದ ಫಿಲ್ಟರನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಎರಡನೆಯದು, ಈಗಿನ ಮೈಲೇಜ್ ಎಷ್ಟೆಂದು ನಿಖರವಾಗಿ ಬರೆದಿಟ್ಟುಕೊಳ್ಳುವುದು. ಒಂದೇ ಬಂಕಿನಲ್ಲಿ, ಬೈಕನ್ನು ನೇರವಾಗಿ ನಿಲ್ಲಿಸಿ, ಟ್ಯಾಂಕಿನ ಬಾಯಿಯಲ್ಲಿ ಒಂದೇ ಗುರುತಿನವರೆಗೆ ತುಂಬಿಸಿ, ಮೂರು ಟ್ಯಾಂಕಿನ ಸರಾಸರಿ ತೆಗೆಯಿರಿ. ಮೀಟರಿನ ಪರದೆ ತೋರಿಸುವ ಮೈಲೇಜನ್ನು ನಂಬಬೇಡಿರಿ. ಹೊರಗಿನಿಂದ ಜೋಡಿಸುವ ಸಾಧನವು ಇಂಜೆಕ್ಟರಿಗೆ ಹೋಗುವ ಸಂಕೇತವನ್ನು ನಡುವೆ ಬದಲಾಯಿಸುತ್ತದೆ; ಇಸಿಯು ಮಾತ್ರ ತಾನು ಕಳುಹಿಸಿದ ಲೆಕ್ಕವನ್ನೇ ಪರದೆಗೆ ಕೊಡುತ್ತಿರುತ್ತದೆ.

ಮೂರನೆಯದು ಸಾಧನಗಳು. ಇಸಿಯು ಮತ್ತು ಇಂಜೆಕ್ಟರ್‌ಗಳ ನಡುವೆ ಕೂರುವ, ಮನೆಮನೆಯ ಅಂಕಿಯನ್ನೂ ತಿದ್ದಲು ಬಿಡುವ ಪಿಗ್ಗಿಬ್ಯಾಕ್ ಇಸಿಯು ಒಂದು ಬೇಕು. ಅಮೆರಿಕದ ಡೈನೋಜೆಟ್‌ನ ಪವರ್ ಕಮಾಂಡರ್, ನಮ್ಮ ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನ ಪವರ್‌ಟ್ರಾನಿಕ್ ಈ ಬಗೆಯವು. ಜೊತೆಗೆ ರಿಚ್‌ನಿಂದ ಲೀನ್‌ವರೆಗೂ ಮಿಶ್ರಣವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇರುವ, ದಾಖಲೆ ಉಳಿಸಿಕೊಳ್ಳಬಲ್ಲ ಗೇಜ್ ಬೇಕು. ಬಾಷ್‌ನ ಎಲ್‌ಎಸ್‌ಯು 4.9 ಸೆನ್ಸರ್ ಈ ಕೆಲಸಕ್ಕೆ ಸಾಕು. ಸೆನ್ಸರಿನ ಮೂತಿ ಸ್ವಲ್ಪ ಕೆಳಮುಖವಾಗಿರುವಂತೆ ಅದು ಕೂರುವ ನಟ್ಟನ್ನು ಎಕ್ಸಾಸ್ಟ್ ಪೈಪಿಗೆ ಬೆಸುಗೆ ಹಾಕಿಸಬೇಕು, ಇಲ್ಲವಾದರೆ ಒಳಗೆ ನೀರು ನಿಂತು ಸೆನ್ಸರ್ ಸಾಯುತ್ತದೆ. ಪೈಪಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಸೋರಿಕೆ ಇದ್ದರೂ ಹೊರಗಿನ ಗಾಳಿ ಒಳಸೇರಿ, ಮಿಶ್ರಣ ಲೀನ್ ಎಂದು ಗೇಜ್ ಸುಳ್ಳು ಹೇಳುತ್ತದೆ.

ಅಗ್ಗಕ್ಕೆ ಸಿಗುವ 'ಮೈಲೇಜ್ ಚಿಪ್', 'ಪವರ್ ಚಿಪ್'ಗಳ ಬಗ್ಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಹಲವನ್ನು ಬಿಚ್ಚಿದರೆ ಒಳಗಿರುವುದು ಒಂದು ರೆಸಿಸ್ಟರ್ ಮಾತ್ರ. ಒಳಹೋಗುವ ಗಾಳಿ ನಿಜಕ್ಕಿಂತ ತಂಪಾಗಿದೆ ಎಂದು ಅದು ಇಸಿಯುವನ್ನು ನಂಬಿಸುತ್ತದೆ, ಇಸಿಯು ಎಲ್ಲ ಕಡೆಯೂ ಪೆಟ್ರೋಲ್ ಹೆಚ್ಚಿಸುತ್ತದೆ. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತವಂತೂ ಏನನ್ನೂ ಮಾಡುವುದಿಲ್ಲ. ಆ ಹಣದಲ್ಲಿ ಒಂದು ಒಳ್ಳೆಯ ಪ್ಲಗ್ ಕೊಳ್ಳಿರಿ.

ಈಗ ನಾಲ್ಕನೆಯ ಹಂತ. ನಾನು ನೋಡಿದವರಲ್ಲಿ ಹೆಚ್ಚಿನವರು ಎಡವಿರುವುದು ಇಲ್ಲಿಯೇ ಆದ್ದರಿಂದ ಇದನ್ನು ನಿಧಾನವಾಗಿ ವಿವರಿಸುತ್ತೇನೆ. ಬೈಕಿನಲ್ಲಿ ಕಂಪನಿಯೇ ಕೊಟ್ಟಿರುವ ಆಕ್ಸಿಜನ್ ಸೆನ್ಸರ್ ಒಂದಿರುತ್ತದೆ. ಸಾಧಾರಣ ವೇಗದಲ್ಲಿ, ಆಕ್ಸಿಲರೇಟರನ್ನು ಸ್ವಲ್ಪವೇ ತಿರುವಿ ಹೋಗುತ್ತಿರುವಾಗ, ಇಸಿಯು ಈ ಸೆನ್ಸರಿನ ಮಾತು ಕೇಳಿ ಮಿಶ್ರಣವನ್ನು ಲ್ಯಾಂಬ್ಡಾ 1ರ ಸುತ್ತಲೇ ಹಿಡಿದಿಡುತ್ತದೆ. ಇದಕ್ಕೆ ಕ್ಲೋಸ್ಡ್ ಲೂಪ್ ಎಂದು ಹೆಸರು. ಆಕ್ಸಿಲರೇಟರ್ ಒಂದು ಮಟ್ಟವನ್ನು ದಾಟಿದ ಕೂಡಲೇ ಇಸಿಯು ಸೆನ್ಸರನ್ನು ಬದಿಗಿಟ್ಟು, ಕೋಷ್ಟಕದಲ್ಲಿರುವ ಅಂಕಿಯನ್ನೇ ನೇರವಾಗಿ ಬಳಸುತ್ತದೆ. ಅದು ಓಪನ್ ಲೂಪ್. ಕ್ಲೋಸ್ಡ್ ಲೂಪಿನ ಮನೆಯೊಂದರಲ್ಲಿ ನೀವು ಶೇಕಡ 5 ಪೆಟ್ರೋಲ್ ಸೇರಿಸಿದರೆ, ಇಸಿಯು ಅದನ್ನು ಗುರುತಿಸಿ ಶೇಕಡ 5ನ್ನು ಕಳೆದುಬಿಡುತ್ತದೆ. ಇಷ್ಟೇ ಆಗಿದ್ದರೆ ನಿಮ್ಮ ಶ್ರಮವಷ್ಟೇ ವ್ಯರ್ಥವಾಗುತ್ತಿತ್ತು. ಆದರೆ ಈ ಕಳೆಯುವಿಕೆ ಬಹುಕಾಲ ಮುಂದುವರಿದಾಗ ಇಸಿಯು ಅದನ್ನು ಶಾಶ್ವತ ತಿದ್ದುಪಡಿಯಾಗಿ ನೆನಪಿಟ್ಟುಕೊಳ್ಳುತ್ತದೆ, ಮತ್ತು ಅನೇಕ ಬೈಕುಗಳಲ್ಲಿ ಅದೇ ತಿದ್ದುಪಡಿಯನ್ನು ಪೂರ್ಣ ಆಕ್ಸಿಲರೇಟರಿನ ಮನೆಗಳಿಗೂ ಅನ್ವಯಿಸುತ್ತದೆ. ಆಗ ಘಾಟಿಯ ಏರಿನಲ್ಲಿ, ಎಂಜಿನ್ ಅತ್ಯಂತ ಬಿಸಿಯಾಗಿರುವ ಹೊತ್ತಿನಲ್ಲಿ, ಮಿಶ್ರಣ ಲೀನ್ ಆಗಿ ನಾಕಿಂಗ್ (ಮಿಶ್ರಣ ಅಕಾಲದಲ್ಲಿ ಸಿಡಿದು ಎಂಜಿನ್ ಕುಟ್ಟುವುದು) ಆರಂಭವಾಗುತ್ತದೆ. ಮೈಲೇಜಿನ ಆಸೆಯಿಂದ ಇದೇ ಮನೆಗಳಲ್ಲಿ ಪೆಟ್ರೋಲ್ ಕಡಿತ ಮಾಡಿದವರಿಗೆ ಇದರ ತದ್ವಿರುದ್ಧ ಫಲ ಸಿಗುತ್ತದೆ: ಸಾಧಾರಣ ವೇಗದಲ್ಲಿ ಉಳಿತಾಯ ಶೂನ್ಯ, ಪೂರ್ಣ ಆಕ್ಸಿಲರೇಟರಿನಲ್ಲಿ ಅನಗತ್ಯ ಪೆಟ್ರೋಲ್ ಮತ್ತು ಕಪ್ಪು ಹೊಗೆ.

ಆದ್ದರಿಂದ ಒಂದು ಅಂಕಿಯನ್ನೂ ಮುಟ್ಟುವ ಮುನ್ನ ಕ್ಲೋಸ್ಡ್ ಲೂಪಿನ ಎಲ್ಲೆ ಎಲ್ಲಿದೆ ಎಂಬುದನ್ನು ಕಂಡುಹಿಡಿಯಬೇಕು. ಪಿಗ್ಗಿಬ್ಯಾಕ್‌ನ ಎಲ್ಲ ಮನೆಗಳನ್ನೂ ಸೊನ್ನೆಗೆ ತನ್ನಿರಿ (ಸೊನ್ನೆ ಎಂದರೆ ಇಸಿಯು ಕೊಡುವ ಪೆಟ್ರೋಲಿಗೆ ಯಾವ ತಿದ್ದುಪಡಿಯೂ ಇಲ್ಲ), ಸರ್ವಿಸ್ ಸ್ಕ್ಯಾನರ್‌ನಿಂದ ಇಸಿಯು ಕಲಿತಿಟ್ಟುಕೊಂಡ ತಿದ್ದುಪಡಿಗಳನ್ನು ಅಳಿಸಿ, ಕೋಷ್ಟಕವನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿರಿ. ನಂತರ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ನೇರವಾದ ಖಾಲಿ ರಸ್ತೆಯಲ್ಲಿ 2,500 ಆರ್‌ಪಿಎಂನಿಂದ ಆರಂಭಿಸಿ, ಆಕ್ಸಿಲರೇಟರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ಪ್ರತಿ ಸ್ಥಾನದಲ್ಲೂ ಏಳೆಂಟು ಸೆಕೆಂಡು ಅಲುಗಾಡದಂತೆ ಹಿಡಿಯಿರಿ. ಲ್ಯಾಂಬ್ಡಾ 1ರ ಮೇಲೆ ಕೆಳಗೆ ಸಣ್ಣದಾಗಿ ತೂಗಾಡುತ್ತಿದ್ದರೆ ಅದು ಕ್ಲೋಸ್ಡ್ ಲೂಪ್. ತೂಗಾಟ ನಿಂತು 0.9ರ ಕಡೆಗೆ ಇಳಿದು ಅಲ್ಲೇ ನೆಲೆನಿಂತರೆ ಎಲ್ಲೆ ದಾಟಿತೆಂದು ತಿಳಿಯಿರಿ. ಅನುಮಾನವಿರುವ ಮನೆಗೆ ಶೇಕಡ 4 ಸೇರಿಸಿ ನೋಡಬಹುದು: ಅರ್ಧ ನಿಮಿಷದೊಳಗೆ ಲ್ಯಾಂಬ್ಡಾ ಮತ್ತೆ 1ಕ್ಕೆ ಮರಳಿದರೆ ಅದು ಇಸಿಯುವಿನ ಸೀಮೆ, ಮರಳದಿದ್ದರೆ ನಿಮ್ಮದು. ಪರೀಕ್ಷೆ ಮುಗಿದೊಡನೆ ಆ ಮನೆಯನ್ನು ಸೊನ್ನೆಗೆ ತರಲು ಮರೆಯಬಾರದು. ಹೀಗೆ 500 ಆರ್‌ಪಿಎಂ ಅಂತರದಲ್ಲಿ 5,000ದವರೆಗೆ ಹೋಗಿ, ಕಾಗದದ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಓಡಿಸುವಾಗ ಗೇಜನ್ನಾಗಲಿ ಲ್ಯಾಪ್‌ಟಾಪನ್ನಾಗಲಿ ನೋಡುವುದು ಬೇಡ. ದಾಖಲೆ ತಾನಾಗಿ ಉಳಿಯುತ್ತದೆ, ಬದಿಗೆ ನಿಲ್ಲಿಸಿ ಓದಿರಿ.

ಗೆರೆಯ ಒಳಗಿನ ಮನೆಗಳನ್ನು ಸೊನ್ನೆಯಲ್ಲೇ ಬಿಡಿರಿ ಎಂಬುದು ನನ್ನ ಖಚಿತ ಸಲಹೆ. ಸೆನ್ಸರಿಗೆ ಮೋಸ ಮಾಡುವ ಸಾಧನ ಹಾಕಿ 1.05ರ ಲೀನ್ ಮಿಶ್ರಣ ಪಡೆಯುವವರಿದ್ದಾರೆ; ಸಿಗುವ ಲಾಭ ಸಣ್ಣದು. ಅದಕ್ಕಾಗಿ ಬೈಕ್ ಜಗ್ಗಿ ಜಗ್ಗಿ ಓಡುವುದನ್ನು ಸಹಿಸಬೇಕಾಗುತ್ತದೆ. ಹೊಗೆಯ ವಿಷಾನಿಲ ತಗ್ಗಿಸುವ, ಲ್ಯಾಂಬ್ಡಾ 1ರ ಬಳಿ ಮಾತ್ರ ಸರಿಯಾಗಿ ಕೆಲಸ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ನಿಷ್ಫಲವಾಗುತ್ತದೆ. ಆ ಕನ್ವರ್ಟರನ್ನು ಕಿತ್ತುಹಾಕಿ ಟ್ಯೂನಿಂಗ್ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಪಿಗ್ಗಿಬ್ಯಾಕ್ ಅಳವಡಿಸಿದರೂ ವಾರಂಟಿಗೆ ಧಕ್ಕೆ ಬರಬಹುದೆಂಬುದನ್ನು ಮೊದಲೇ ತಿಳಿದಿರಬೇಕು.

ಐದನೆಯ ಹಂತದಲ್ಲಿ ಗೆರೆಯ ಹೊರಗಿನ ಮನೆಗಳಿಗೆ ಗುರಿ ನಿಗದಿ ಮಾಡುವುದು. ಗೆರೆಗೆ ಅಂಟಿಕೊಂಡ ಸಾಲಿಗೆ ನಾನು 0.96, ಅದರಾಚೆಗಿನ ಸಾಲಿಗೆ 0.93, ಮುಕ್ಕಾಲಿನಿಂದ ಪೂರ್ಣ ಆಕ್ಸಿಲರೇಟರಿನವರೆಗೆ 0.88 ಇಡುತ್ತೇನೆ. ಸಾಮಾನ್ಯ ಸವಾರನ ಪೆಟ್ರೋಲ್ ಪೋಲಾಗುವುದು ಗೆರೆಯ ಪಕ್ಕದ ಈ ಎರಡು ಸಾಲುಗಳಲ್ಲಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಸಣ್ಣ ಏರು ಹತ್ತುವಾಗ, ಬಸ್ಸನ್ನು ದಾಟುವಾಗ, ಎದುರುಗಾಳಿಯಲ್ಲಿ ಹೋಗುವಾಗ ಬೈಕ್ ಇರುವುದು ಅಲ್ಲಿಯೇ, ಮತ್ತು ಅಡ್ಡಾದಿಡ್ಡಿ ಮ್ಯಾಪುಗಳಲ್ಲಿ ಅಲ್ಲಿ 0.82ರಂಥ ಅಂಕಿಯನ್ನು ನಾನು ಕಂಡಿದ್ದೇನೆ. 0.82 ಶಕ್ತಿಯನ್ನೂ ಕೊಡುವುದಿಲ್ಲ.

ಲೆಕ್ಕ ಸರಳವಾಗಿದೆ: ಅಳೆದ ಲ್ಯಾಂಬ್ಡಾವನ್ನು ಗುರಿಯ ಲ್ಯಾಂಬ್ಡಾದಿಂದ ಭಾಗಿಸಿರಿ. ಅಳತೆ 0.97, ಗುರಿ 0.90 ಎಂದಾದರೆ 1.078 ಬರುತ್ತದೆ, ಅಂದರೆ ಶೇಕಡ 7.8 ಪೆಟ್ರೋಲ್ ಸೇರಿಸಬೇಕು. ಅಳತೆ 0.82, ಗುರಿ 0.93 ಆದರೆ 0.882, ಅಂದರೆ ಸುಮಾರು ಶೇಕಡ 12 ಕಡಿಮೆ ಮಾಡಬೇಕು. ಪೂರ್ತಿ ತಿದ್ದುಪಡಿಯನ್ನು ಒಮ್ಮೆಲೇ ಹಾಕದೆ ಅರ್ಧ ಹಾಕಿ, ಮತ್ತೆ ಓಡಿಸಿ ಅಳೆಯಿರಿ. ಅಕ್ಕಪಕ್ಕದ ಮನೆಗಳ ಅಂಕಿಗಳಲ್ಲಿ ದೊಡ್ಡ ಅಂತರ ಉಳಿಯಬಾರದು. ಇಸಿಯು ಎರಡು ಮನೆಗಳ ನಡುವಿನ ಮೌಲ್ಯವನ್ನು ಲೆಕ್ಕಹಾಕಿ ಬಳಸುವುದರಿಂದ, ಒಂದು ಮನೆ ಗುಡ್ಡದಂತೆ ಎದ್ದಿದ್ದರೆ ಕೈಗೆ ಜರ್ಕ್ ತಿಳಿಯುತ್ತದೆ.

ದಾಖಲೆಯಲ್ಲಿ ಕಾಣುವ ಎಲ್ಲವೂ ನಿಜವಲ್ಲ. ಆಕ್ಸಿಲರೇಟರ್ ಬಿಟ್ಟಾಗ ಇಸಿಯು ಪೆಟ್ರೋಲನ್ನೇ ನಿಲ್ಲಿಸುವುದರಿಂದ ಗೇಜ್ ವಿಪರೀತ ಲೀನ್ ತೋರಿಸುತ್ತದೆ. ಆ ಭಾಗವನ್ನು ತೆಗೆದುಹಾಕಿರಿ. ಹೊಗೆ ಸೆನ್ಸರನ್ನು ತಲುಪಲು ತುಸು ಸಮಯ ಬೇಕು, ಆದ್ದರಿಂದ ಆಕ್ಸಿಲರೇಟರ್ ಬದಲಾದ ಕೂಡಲೇ ಬರುವ ಓದು ಹಿಂದಿನ ಮನೆಗೆ ಸೇರಿದ್ದು. ಇವೆಲ್ಲಕ್ಕಿಂತ ಮುಖ್ಯವಾಗಿ, ಪ್ಲಗ್ ಕಿಡಿ ತಪ್ಪಿಸಿದಾಗ ಉರಿಯದ ಆಕ್ಸಿಜನ್ ಹಾಗೆಯೇ ಹೊರಬಂದು ಲೀನ್ ಎಂದು ತೋರುತ್ತದೆ. ಅದನ್ನು ನಂಬಿ ಪೆಟ್ರೋಲ್ ಸೇರಿಸುತ್ತ ಹೋದವರ ಸೈಲೆನ್ಸರ್ ಮಸಿಯಿಂದ ತುಂಬಿದ್ದನ್ನು ಕಂಡಿದ್ದೇನೆ. ಒಂದು ಮನೆಗೆ ಕನಿಷ್ಠ ಮೂರು ಸ್ಥಿರ ಓದುಗಳು ಹೊಂದಿಕೆಯಾದ ಮೇಲಷ್ಟೇ ತಿದ್ದಿರಿ. ಗಾಳಿಯನ್ನೂ ಗಮನಿಸಬೇಕು. ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಇಂಥ ಓಟಕ್ಕೆ ಚೆನ್ನಾಗಿದೆ, ಆದರೆ ಗಾಳಿಯಂತ್ರಗಳನ್ನು ನಿಲ್ಲಿಸಿರುವ ಆ ಸೀಮೆಯ ಗಾಳಿಯಲ್ಲಿ, ಅದೇ ವೇಗಕ್ಕೆ ಹೋಗುವಾಗ ಒಂದು ಮನೆ, ಬರುವಾಗ ಇನ್ನೊಂದು ಮನೆ ದಾಖಲಾಗುತ್ತದೆ. ಮುಂಜಾನೆ ಗಾಳಿ ಏಳುವ ಮುಂಚೆ ಹೋಗಿ, ಎರಡು ದಿಕ್ಕಿನಲ್ಲೂ ಓಡಿಸಿರಿ. ಪೂರ್ಣ ಆಕ್ಸಿಲರೇಟರಿನ ಮನೆಗಳನ್ನು ಮಾತ್ರ ರಸ್ತೆಯಲ್ಲಿ ಅಳೆಯಬೇಡಿರಿ, ಡೈನೋ (ಬೈಕನ್ನು ನಿಂತಲ್ಲೇ ರೋಲರ್ ಮೇಲೆ ಓಡಿಸಿ ಅಳೆಯುವ ಯಂತ್ರ) ಇರುವ ಕಡೆ ಒಂದು ಗಂಟೆ ಬಾಡಿಗೆಗೆ ಪಡೆಯಿರಿ.

ಇಗ್ನಿಷನ್ ಟೈಮಿಂಗ್ ತಿದ್ದುವ ಅವಕಾಶ ಸಾಧನದಲ್ಲಿದ್ದರೂ ಮುಟ್ಟಬೇಡಿರಿ. ಆಕ್ಸಿಲರೇಟರನ್ನು ತಟ್ಟನೆ ತಿರುವಿದಾಗ ಹೆಚ್ಚುವರಿ ಪೆಟ್ರೋಲ್ ಕೊಡುವ ಸೆಟಿಂಗನ್ನು ಎಲ್ಲಕ್ಕಿಂತ ಕೊನೆಗೆ, ಅಗತ್ಯವಿದ್ದರೆ ಮಾತ್ರ ನೋಡಿರಿ. ಮ್ಯಾಪ್ ಸರಿಯಾದರೆ ಅದರ ಅಗತ್ಯ ಬೀಳುವುದೇ ಅಪರೂಪ.

ಕೊನೆಯ ಹಂತ ಪರಿಶೀಲನೆ. ಮತ್ತೆ ಮೂರು ಟ್ಯಾಂಕ್ ಓಡಿಸಿ ಮೊದಲಿನ ಸರಾಸರಿಯೊಂದಿಗೆ ಹೋಲಿಸಿ, ಮಾಲಿನ್ಯ ತಪಾಸಣೆಯನ್ನೂ ಹೊಸದಾಗಿ ಮಾಡಿಸಿರಿ. ಇಲ್ಲಿ ಇ20ಯ ಪಾಲನ್ನು ಬೇರೆಯಾಗಿ ಎಣಿಸಬೇಕು. ಲೀಟರೊಂದಕ್ಕೆ ಎಥೆನಾಲಿನ ಶಕ್ತಿ ಪೆಟ್ರೋಲಿನ ಸುಮಾರು ಮೂರನೆಯ ಎರಡು ಭಾಗ ಮಾತ್ರ ಇರುವುದರಿಂದ, ಇ10 ಬಳಸುತ್ತಿದ್ದ ಬೈಕು ಇ20ಗೆ ಬಂದಾಗ ಶಕ್ತಿಯ ಲೆಕ್ಕದಲ್ಲೇ ಶೇಕಡ 3ರಿಂದ 4 ನಷ್ಟವಾಗುತ್ತದೆ; ಅದನ್ನು ಯಾವ ಮ್ಯಾಪೂ ಮರಳಿ ತರಲಾರದು. ಇ10 ಕಾಲದಲ್ಲಿ ತಿದ್ದಿಸಿದ ಮ್ಯಾಪ್ ನಿಮ್ಮ ಬೈಕಿನಲ್ಲಿದ್ದರೆ ಓಪನ್ ಲೂಪಿನ ಮನೆಗಳೆಲ್ಲ ಈಗ ಸುಮಾರು ಶೇಕಡ 4ರಷ್ಟು ಲೀನ್ ಆಗಿ ಓಡುತ್ತಿರುತ್ತವೆ. ಮೂಲ ಮ್ಯಾಪಿನ ಒಂದು ಪ್ರತಿಯನ್ನು ಬೇರೆ ಕಡೆ ಉಳಿಸಿಕೊಂಡು, ಆ ಮನೆಗಳನ್ನು ಈ ವಾರವೇ ಮತ್ತೆ ಅಳೆಯಿರಿ.