ಗಾರ್ಡ್‌ಗಳ ಒಪ್ಪಂದದಲ್ಲಿ ‘ಚಾಲ್ತಿ ವೇತನ’ವನ್ನು ನಾವು ಬರೆದ ಬಗೆ

ಮಂಗಳೂರಿನ ಬಿಜೈ ಕಡೆಯ ಒಂದು ಅಪಾರ್ಟ್‌ಮೆಂಟಿನ ಮಾಲಕರ ಸಂಘಕ್ಕೆ ನಾನು ಕಾರ್ಯದರ್ಶಿ. ಸೆಕ್ಯೂರಿಟಿ ಏಜೆನ್ಸಿ ಜೊತೆಗಿನ ಒಪ್ಪಂದವನ್ನು ಈ ಸಲ ನಾನೇ ಕೂತು ಬರೆದೆ. ಏಜೆನ್ಸಿಯವರು ಕಳಿಸಿದ ಕರಡಿನಲ್ಲಿ ಸಂಬಳದ ಬಗ್ಗೆ ಇದ್ದದ್ದು ಒಂದೇ ಸಾಲು: ‘ಸಿಬ್ಬಂದಿಗೆ ಚಾಲ್ತಿಯಲ್ಲಿರುವ ವೇತನ ನೀಡಲಾಗುವುದು.’ ಎಲ್ಲಿ ಚಾಲ್ತಿಯಲ್ಲಿರುವುದು, ಯಾವ ದಿನದ್ದು, ಎಷ್ಟು ಗಂಟೆ ಕೆಲಸಕ್ಕೆ, ಒಂದೂ ಇರಲಿಲ್ಲ.

ನಮ್ಮ ಕೋಶಾಧಿಕಾರಿಗಳು ಹಿರಿಯರು. “ಎಂತ ಮಾರ್ರೆ, ಪಕ್ಕದ ಬಿಲ್ಡಿಂಗಿನವರು ಕೊಡುವಷ್ಟು ಕೊಟ್ಟರೆ ಆಯ್ತಲ್ಲ?” ಅಂದರು. ಪಕ್ಕದವರು ಕೊಡುವುದು 8 ಗಂಟೆಗೋ 12 ಗಂಟೆಗೋ? ಪಿಎಫ್ ಸೇರಿಸಿಯೋ ಬಿಟ್ಟೋ? ಕದ್ರಿಯಲ್ಲಿ ಒಂದು ದರ, ಸುರತ್ಕಲ್‌ನಲ್ಲಿ ಇನ್ನೊಂದು. ನಾಳೆ ತಕರಾರು ಬಂದರೆ ತೋರಿಸಲು ಕೈಯಲ್ಲಿ ಒಂದು ಕಾಗದ ಬೇಕು, ಅಲ್ವಾ? ಅಮೆರಿಕದಲ್ಲಿ 1931ರ ಡೇವಿಸ್-ಬೇಕನ್ ಕಾಯ್ದೆಯ ಪ್ರಕಾರ ಸರಕಾರಿ ಕಟ್ಟಡ ಕಾಮಗಾರಿಗಳಿಗೆ ಆಯಾ ಊರಿನ ಚಾಲ್ತಿ ಕೂಲಿಯನ್ನು ಕಾರ್ಮಿಕ ಇಲಾಖೆಯೇ ಲೆಕ್ಕ ಹಾಕಿ ಪ್ರಕಟಿಸುತ್ತದೆ. ಅಲ್ಲಿ ಆ ಮಾತಿನ ಹಿಂದೆ ಒಂದು ಪಟ್ಟಿ ಉಂಟು. ನಮ್ಮ ಕರಡಿನಲ್ಲಿದ್ದ ಮಾತಿನ ಹಿಂದೆ ಏನೂ ಇರಲಿಲ್ಲ.

ನಮ್ಮಲ್ಲಿ ಅಂಥ ಪಟ್ಟಿ ಅಂದರೆ ರಾಜ್ಯ ಸರಕಾರದ ಕನಿಷ್ಠ ವೇತನದ ಅಧಿಸೂಚನೆ. ಉದ್ಯೋಗ, ವಲಯ, ಕೆಲಸದ ದರ್ಜೆ ನೋಡಿ ದರ ಬೇರೆ ಬೇರೆ. ಹಾಗಾಗಿ ನಾನು ಹೀಗೆ ಬರೆದೆ: ‘ಚಾಲ್ತಿ ವೇತನ ಎಂದರೆ, ಬಿಲ್ಲಿನ ತಿಂಗಳಿನಲ್ಲಿ ಜಾರಿಯಲ್ಲಿರುವ ಕರ್ನಾಟಕ ಸರಕಾರದ ಕನಿಷ್ಠ ವೇತನ ಅಧಿಸೂಚನೆಯಲ್ಲಿ ಸೆಕ್ಯೂರಿಟಿ ಕೆಲಸಕ್ಕೆ, ಮಂಗಳೂರು ಬರುವ ವಲಯಕ್ಕೆ, ಆ ದರ್ಜೆಗೆ ಹೇಳಿದ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿದ ಮೊತ್ತ. ಇದಕ್ಕಿಂತ ಕಡಿಮೆ ಕೊಡುವಂತಿಲ್ಲ. ಜಾಸ್ತಿ ಕೊಡಲು ಅಡ್ಡಿಯಿಲ್ಲ.’ ಈ ಕೊನೆಯ ಎರಡು ಸಣ್ಣ ವಾಕ್ಯಗಳು ಬಹಳ ಮುಖ್ಯ. ಕನಿಷ್ಠ ಅನ್ನುವುದು ನೆಲ. ಅದನ್ನೇ ಸೂರು ಮಾಡಬಾರದು.

ತುಟ್ಟಿಭತ್ಯೆ ಪ್ರತಿವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಗ್ರಾಹಕ ಬೆಲೆ ಸೂಚ್ಯಂಕ ಏರಿದಂತೆ ಅದೂ ಏರುತ್ತದೆ. ಬೀಡಿ ಕಟ್ಟಿದ ಮನೆಯಲ್ಲಿ ಬೆಳೆದ ನನಗೆ ಇದು ಹೊಸದಲ್ಲ. ಸಾವಿರ ಬೀಡಿಗೆ ಇಷ್ಟು ಮಜೂರಿ, ಅದರ ಮೇಲೆ ಇಷ್ಟು ತುಟ್ಟಿಭತ್ಯೆ ಎಂದು ಅಮ್ಮ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಹೊಸ ಆದೇಶ ತಡವಾಗಿ ಕೈಗೆ ಬಂದರೂ ಏಪ್ರಿಲ್‌ನಿಂದಲೇ ವ್ಯತ್ಯಾಸ ಸಲ್ಲಬೇಕು, ಆ ಹಿಂಬಾಕಿಯನ್ನು ಸಂಘವೇ ಭರಿಸಬೇಕು ಎಂದು ಒಪ್ಪಂದದಲ್ಲಿ ಸೇರಿಸಿದೆ. ಇಲ್ಲದಿದ್ದರೆ ಏಜೆನ್ಸಿ ‘ನಮ್ಮ ರೇಟ್ ಫಿಕ್ಸ್ ಆಗಿದೆ’ ಎನ್ನುತ್ತದೆ, ಆ ಭಾರ ನೇರ ಗಾರ್ಡಿನ ಮೇಲೆ ಬೀಳುತ್ತದೆ. ಏಜೆನ್ಸಿಯ ಸರ್ವಿಸ್ ಚಾರ್ಜನ್ನು ಬೇರೆ ಸಾಲಿನಲ್ಲಿ ತೋರಿಸಿ, ವೇತನದ ಮೇಲೆ ಶೇಕಡಾ ಇಷ್ಟು ಎಂದು ನಿಗದಿ ಮಾಡಿದೆವು.

ಅತಿ ಹೆಚ್ಚು ಚರ್ಚೆ ಆದದ್ದು ‘ದಿನ’ ಎಂದರೆ ಎಷ್ಟು ಹೊತ್ತು ಎಂಬುದರ ಮೇಲೆ. ಮಂಗಳೂರಿನ ಎಷ್ಟೋ ಗೇಟುಗಳಲ್ಲಿ 12 ಗಂಟೆಯ ಎರಡು ಪಾಳಿ. ಕನಿಷ್ಠ ವೇತನ ಹೇಳುವುದು 8 ಗಂಟೆಯ ಕೆಲಸಕ್ಕೆ. ಅದರ ಮೇಲಿನ ಹೊತ್ತಿಗೆ ಎರಡು ಪಟ್ಟು ದರದಲ್ಲಿ ಓಟಿ ಕೊಡಬೇಕು. ಲೆಕ್ಕ ಸುಲಭವಾಗಲಿ ಎಂದು ದಿನಕ್ಕೆ 600 ರೂಪಾಯಿ ಇಟ್ಟುಕೊಳ್ಳಿ. ಗಂಟೆಗೆ 75 ಆಯ್ತು, ಓಟಿ ಗಂಟೆಗೆ 150. 4 ಗಂಟೆ ಓಟಿಗೆ 600. ಅಂದರೆ 12 ಗಂಟೆ ನಿಂತವನಿಗೆ 1,200 ಸಲ್ಲಬೇಕು. ಇಬ್ಬರಿಗೆ 2,400. ಅದೇ 8 ಗಂಟೆಯಂತೆ ಮೂವರನ್ನು ಇಟ್ಟರೆ 1,800. ವಾರದ ರಜೆಯ ಬದಲಿ ಆಳಿನ ಖರ್ಚು ಇದರಲ್ಲಿ ಸೇರಿಲ್ಲ. ಅದು ಎರಡೂ ಕಡೆ ಬರುತ್ತದೆ.

ಈ ಲೆಕ್ಕವನ್ನು ಮಹಾಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಎರಡು ಪಾಳಿ ಅಗ್ಗ ಎಂದು ಎಲ್ಲರೂ ನಂಬಿದ್ದರು. ಓಟಿ ಕೊಡದೆ ಇದ್ದಾಗ ಮಾತ್ರ ಅದು ಅಗ್ಗ. ಬಾಗಲಕೋಟೆಯಿಂದಲೋ ಅಸ್ಸಾಮಿನಿಂದಲೋ ಬಂದ ಹುಡುಗ ಜುಲೈಯ ಮಳೆಯಲ್ಲಿ ರಾತ್ರಿಯಿಡೀ ಗೇಟಿನಲ್ಲಿ ನಿಂತು ಉಳಿಸಿಕೊಟ್ಟ ದುಡ್ಡು ಅದು. ನಾವು ಮೂರು ಪಾಳಿಗೆ ಬಂದೆವು. ದಿನವೂ 12 ಗಂಟೆ ದುಡಿಸುವುದು ಓಟಿ ಕೊಟ್ಟರೂ ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ‘ತಿಂಗಳು’. ತಿಂಗಳ ಸಂಬಳ 15,600 ಇದ್ದರೆ, 26ರಿಂದ ಭಾಗಿಸಿದಾಗ ದಿನಕ್ಕೆ 600. 30ರಿಂದ ಭಾಗಿಸಿದರೆ 520. ಓಟಿ, ಹಬ್ಬದ ದಿನದ ಕೆಲಸ, ಎಲ್ಲವೂ ಈ ದಿನದ ದರದ ಮೇಲೆಯೇ ನಿಂತಿರುತ್ತದೆ. ವಾರದ ರಜೆ ಕಳೆದು 26 ದಿನ ಹಿಡಿಯುವುದೇ ಸರಿಯಾದ ಕ್ರಮ. ಅದನ್ನು ಅಂಕಿಯಲ್ಲೇ ಬರೆದೆವು.

‘ವೇತನ’ ಎಂಬುದಕ್ಕೂ ಅರ್ಥ ಕೊಡಬೇಕಾಯಿತು. ಮೂಲ ವೇತನ ಕಡಿಮೆ ತೋರಿಸಿ ಉಳಿದದ್ದನ್ನು ಭತ್ಯೆ ಎಂದು ಹಾಕಿದರೆ ಪಿಎಫ್ ಇಳಿಯುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಕಾನೂನು, ವೇತನ ಸಂಹಿತೆ, ಇದಕ್ಕೆ ತಡೆ ಹಾಕಿದೆ. ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗ ವೇತನಕ್ಕೇ ಸೇರುತ್ತದೆ. ನಾವು ಆ ಸಂಹಿತೆಯ ಅರ್ಥವನ್ನೇ ಒಪ್ಪಂದಕ್ಕೂ ತಂದೆವು. ಉದ್ಯೋಗದಾತರ ಪಾಲಿನ ಪಿಎಫ್ ಶೇ. 12, ಇಎಸ್‌ಐ (ಕಾರ್ಮಿಕರ ವಿಮೆ) ಶೇ. 3.25, ಬೋನಸ್ ಶೇ. 8.33 ಬಿಲ್ಲಿನಲ್ಲಿ ಬೇರೆ ಬೇರೆ ಸಾಲಾಗಿ ಬರಬೇಕು. ಹಿಂದಿನ ತಿಂಗಳ ಸಂಬಳ ಗಾರ್ಡಿನ ಬ್ಯಾಂಕ್ ಖಾತೆಗೆ ಹೋದ ದಾಖಲೆ ಮತ್ತು ಪಿಎಫ್, ಇಎಸ್‌ಐ ಚಲನ್ ಇಲ್ಲದೆ ಬಿಲ್ ಪಾಸ್ ಮಾಡುವುದಿಲ್ಲ.

ಅಧಿಸೂಚನೆಯ ಪ್ರತಿಯನ್ನು ಒಪ್ಪಂದಕ್ಕೆ ಹಚ್ಚಿದ್ದೇವೆ. ದರ, ಪಾಳಿ, ಓಟಿ ಇರುವ ಒಂದು ಪುಟವನ್ನು ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ ಪ್ರತಿ ಗಾರ್ಡಿಗೂ ಕೊಟ್ಟೆವು. ಏಪ್ರಿಲ್‌ನ ಆದೇಶ ಬಂದಾಗ ಆ ಪುಟವನ್ನು ಬದಲಿಸಿ ಕೊಡುವ ಕೆಲಸ ಕಾರ್ಯದರ್ಶಿಯದ್ದು ಎಂಬುದನ್ನೂ ಒಪ್ಪಂದದಲ್ಲೇ ಬರೆದಿದ್ದೇವೆ. ನಾಳೆ ನನ್ನ ಜಾಗಕ್ಕೆ ಯಾರು ಬಂದರೂ ಅವರು ಅದನ್ನು ಮಾಡಬೇಕು.