ಮನೆ ಶಿಫ್ಟ್ ಆದ ಮೇಲೆ ಡೆಸ್ಕ್‌ಟಾಪ್‌ನಲ್ಲಿ ಏನೂ ಕಾಣಿಸುತ್ತಿಲ್ಲವೇ?

ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಮಾನಿಟರ್ ಮಾತ್ರ ಕಪ್ಪು. ತಕ್ಷಣ ‘ಮದರ್‌ಬೋರ್ಡ್ ಹೋಯ್ತು’ ಅಂತ ಕ್ಯಾಬಿನೆಟ್ ಹೊತ್ತುಕೊಂಡು ರಿಪೇರಿಗೆ ಓಡುವವರನ್ನು ಬಹಳ ನೋಡಿದ್ದೇನೆ. ನಿನ್ನೆ ಚೆನ್ನಾಗಿದ್ದದ್ದು ಟೆಂಪೋದಲ್ಲಿ ಕುಲುಕಿಕೊಂಡು ಬಂದ ಮೇಲೆ ಹೀಗಾಗಿದೆ ಅಂದರೆ, ಸಾಮಾನ್ಯವಾಗಿ ಒಳಗೆ ಏನೋ ಸಡಿಲವಾಗಿರುತ್ತದೆ. ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡು ಕೂತುಕೊಳ್ಳಿ.

ಮಾನಿಟರ್‌ಗೆ ಕರೆಂಟ್ ಬರುತ್ತಿದೆಯಾ, ಅದರ ಮೆನುವಿನಲ್ಲಿ ಸರಿಯಾದ ಇನ್‌ಪುಟ್ ಆಯ್ಕೆಯಾಗಿದೆಯಾ ನೋಡಿ.

ಆಮೇಲೆ ಕೇಬಲ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ (ಮಾನಿಟರ್‌ಗೆ ಚಿತ್ರ ಕಳಿಸುವ ಕಾರ್ಡ್) ಇದ್ದರೆ ಮಾನಿಟರ್ ಕೇಬಲ್ ಅದಕ್ಕೇ ಹೋಗಬೇಕು. ಹೊಸ ಮನೆಯ ಗಡಿಬಿಡಿಯಲ್ಲಿ ಯುಎಸ್‌ಬಿ ಪೋರ್ಟ್‌ಗಳ ಪಕ್ಕದ ಎಚ್‌ಡಿಎಂಐಗೆ ಚುಚ್ಚಿಬಿಡುತ್ತಾರೆ. ಅದು ಮದರ್‌ಬೋರ್ಡ್‌ನದು. ಕಾರ್ಡ್‌ನ ಪೋರ್ಟ್‌ಗಳು ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಅಡ್ಡ ಸಾಲಿನಲ್ಲಿರುತ್ತವೆ. ನಡುವೆ ಅಗ್ಗದ ವಿಜಿಎ ಕನ್ವರ್ಟರ್ ಇದ್ದರೆ ಕಿತ್ತು ಪಕ್ಕಕ್ಕಿಡಿ. ನನಗೆ ಅವುಗಳ ಮೇಲೆ ನಂಬಿಕೆಯೇ ಇಲ್ಲ.

ಇನ್ನು ರ‍್ಯಾಮ್. ಅಂದರೆ ಮದರ್‌ಬೋರ್ಡ್‌ಗೆ ಚುಚ್ಚಿರುವ ಉದ್ದನೆಯ ಮೆಮೊರಿ ಪಟ್ಟಿ. ಜನ ಎಡವುವುದು ಇಲ್ಲೇ. ‘ಒತ್ತಿ ನೋಡಿದೆ ಸರ್, ಗಟ್ಟಿಯಾಗೇ ಇದೆ’ ಅನ್ನುತ್ತಾರೆ. ಒತ್ತಿ ನೋಡಿದರೆ ಸಾಲದು, ಪೂರ್ತಿ ತೆಗೆದು ಮತ್ತೆ ಹಾಕಬೇಕು. ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದರೆ ಉಳಿದ ಕರೆಂಟೂ ಇಳಿಯುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಹೋಗಲಿ. ಯಾವ ಸ್ಲಾಟ್‌ನಲ್ಲಿ ಏನಿದೆ ಅಂತ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಯಿರಿ. ಈಗ ಸ್ಲಾಟ್ ತುದಿಯ ಕ್ಲಿಪ್ ಬಿಡಿಸಿ (ಕೆಲವು ಬೋರ್ಡ್‌ಗಳಲ್ಲಿ ಒಂದೇ ಬದಿ ಇರುತ್ತದೆ), ರ‍್ಯಾಮನ್ನು ನೇರವಾಗಿ ಮೇಲಕ್ಕೆತ್ತಿ. ಚಿನ್ನದ ಬಣ್ಣದ ಅಂಚನ್ನು ಬಿಳಿ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ. ತುಕ್ಕು ಬಿಡಿಸುವ ಸ್ಪ್ರೇ ಹತ್ತಿರಕ್ಕೂ ತರಬೇಡಿ. ಹಾಕುವಾಗ ಅಂಚಿನ ಕಚ್ಚು ಸ್ಲಾಟ್‌ನ ಕಚ್ಚಿಗೆ ಕೂರಬೇಕು. ಅದು ಸರಿಯಾಗಿ ನಡುವೆ ಇರುವುದಿಲ್ಲ, ಹಾಗಾಗಿ ತಿರುಗಿಸಿ ಹಾಕಲು ಆಗದು. ಎರಡೂ ಹೆಬ್ಬೆರಳಿಂದ ಎರಡೂ ತುದಿಯನ್ನು ಒಟ್ಟಿಗೆ ಒತ್ತಿ. ಟಕ್ ಅಂತ ಕ್ಲಿಪ್ ತಾನಾಗಿ ಮುಚ್ಚಿಕೊಳ್ಳಬೇಕು. ಹೊಸಬರಿಗೆ ಭಯವಾಗುವಷ್ಟು ಜೋರು ಬೇಕಾಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಮತ್ತೆ ಅದೇ ಕಪ್ಪು ಪರದೆ.

ಎರಡು ರ‍್ಯಾಮ್ ಇದ್ದರೆ ಒಂದನ್ನೇ ಹಾಕಿ ಆನ್ ಮಾಡಿ, ಆಮೇಲೆ ಮತ್ತೆ ಪ್ಲಗ್ ಕಿತ್ತು, ಅದನ್ನು ತೆಗೆದು ಇನ್ನೊಂದನ್ನು. ಯಾವುದು ತೊಂದರೆ ಕೊಡುತ್ತಿದೆ ಅಂತ ಗೊತ್ತಾಗುತ್ತದೆ. ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಎರಡಿದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಅವುಗಳ ಜಾಗ. ಡಿಡಿಆರ್5 (ಹೊಸ ತಲೆಮಾರಿನ ಮೆಮೊರಿ) ಆದರೆ ಮೊದಲ ಸಲ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಸುಮ್ನೆ ಕಾಯಿರಿ, ಮಧ್ಯೆ ಆಫ್ ಮಾಡಬೇಡಿ.

ಇಷ್ಟಕ್ಕೂ ಬರದಿದ್ದರೆ ಮತ್ತೆ ಪ್ಲಗ್ ಕಿತ್ತು, ಗ್ರಾಫಿಕ್ಸ್ ಕಾರ್ಡ್ ತೆಗೆದು ಹಾಗೆಯೇ ಕೂರಿಸಿ. ಸ್ಕ್ರೂ ಬಿಚ್ಚಿದ ಮೇಲೆ ಸ್ಲಾಟ್ ತುದಿಯ ಲಾಕ್ ಒತ್ತದೆ ಎಳೆದರೆ ಲಾಕ್ ಮುರಿಯುತ್ತದೆ. ಕಾರ್ಡ್‌ನ ಪವರ್ ವೈರ್, ಪ್ರೊಸೆಸರ್ ಪಕ್ಕದ ವೈರ್, 24 ಪಿನ್‌ನ ದೊಡ್ಡ ವೈರ್ ಮೂರನ್ನೂ ಒತ್ತಿ ಕೂರಿಸಿ. ಕೊನೆಗೆ ಮದರ್‌ಬೋರ್ಡ್ ಮೇಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಹಾಕಿ.

ಮುಂದಿನ ಸಲ ಸಾಗಿಸುವಾಗ ಭಾರದ ಕಾರ್ಡ್ ಬಿಚ್ಚಿ ಬೇರೆ ಡಬ್ಬದಲ್ಲಿಡಿ. ಅದಾಗದಿದ್ದರೆ ಕ್ಯಾಬಿನೆಟ್ ಅನ್ನು ಗಾಜಿನ ಬದಿ ಮೇಲೆ ಬರುವಂತೆ ಮಲಗಿಸಿ, ಕೆಳಗೆ ಹಳೇ ಕಂಬಳಿ ಹಾಕಿ.